ಮದುವೆ ಕ್ಯಾಸೆಟ್ ಡಿಜಿಟಲ್ ಮಾಡಿಸೋಕೆ ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಮನೆಯ ಅಟ್ಟದ ಮೇಲೆ ಹಳೇ ವಿಎಚ್‌ಎಸ್ ಕ್ಯಾಸೆಟ್ ಇಟ್ಟುಕೊಂಡು, ಒಂದಿನ ಪೆನ್‌ಡ್ರೈವ್‌ಗೆ ಹಾಕಿಸಬೇಕು ಅಂತ ವರ್ಷಗಟ್ಟಲೆ ಅಂದುಕೊಳ್ಳುತ್ತಿರುವವರು ತುಂಬಾ ಜನ ಇದ್ದೀರಿ ಅಂತ ಗೊತ್ತು. ಹಾಕಿಸಿ, ಬೇಗ ಹಾಕಿಸಿ. ಆದರೆ ಯಾರ ಕೈಗೆ ಕೊಡುತ್ತಿದ್ದೀರಿ ಅನ್ನುವುದನ್ನು ನೋಡಿ ಕೊಡಿ. ನಮ್ಮ ಮನೆ ಕ್ಯಾಸೆಟ್‌ಗಳಿಗೆ ಆದ ಗತಿ ನಿಮ್ಮವಕ್ಕೆ ಆಗಬಾರದು. ಅಂಗಡಿಯ ಹೆಸರು ಹಾಕುವುದಿಲ್ಲ. ಇದೇ ಥರ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಒಂದು ಹೆಸರು ಹೇಳಿದರೆ ಅವರನ್ನು ಬಿಟ್ಟು ಪಕ್ಕದ ಬೀದಿಯವರ ಹತ್ತಿರ ಹೋಗಿ ಅಲ್ಲೂ ಇದನ್ನೇ ಅನುಭವಿಸ್ತೀರಿ ಅಷ್ಟೆ.

ಅಕ್ಕನ ಮದುವೆ ಆಗಿದ್ದು 1994ರಲ್ಲಿ, ಸಾಗರದಲ್ಲಿ. ಧಾರೆಯದು ಒಂದು ಕ್ಯಾಸೆಟ್, ಆರತಕ್ಷತೆಯದು ಇನ್ನೊಂದು, ಎರಡೂ ಮೂರು ಗಂಟೆಯ ಇ-180. ಜೊತೆಗೆ 2005ರಲ್ಲಿ ಅಜ್ಜನ ಸಹಸ್ರಚಂದ್ರ ದರ್ಶನಕ್ಕೆ ತೆಗೆಸಿದ್ದ ಒಂದು ಮಿನಿಡಿವಿ, ಅಂದರೆ ಹ್ಯಾಂಡಿಕ್ಯಾಮ್‌ಗೆ ಹಾಕುವ ಸಣ್ಣ ಟೇಪು, ಇತ್ತು. ಅಕ್ಕ, ಭಾವ ಬೆಂಗಳೂರಿನಲ್ಲಿರುವುದು. ಭಾವ ಆನ್‌ಲೈನ್‌ನಲ್ಲಿ ಹುಡುಕಿ ಒಂದು ಕಡೆ ಬುಕ್ ಮಾಡಿದರು. ಆ ವೆಬ್‌ಸೈಟ್ ತೆರೆದ ತಕ್ಷಣ ಮೇಲೆ ದೊಡ್ಡ ಅಕ್ಷರದಲ್ಲಿ 12 ಲಕ್ಷಕ್ಕೂ ಜಾಸ್ತಿ ಜನ ಭೇಟಿ ಕೊಟ್ಟಿದ್ದಾರೆ ಅಂತ ಓಡುತ್ತಿರುವ ಮೀಟರ್, ಕೆಳಗೆ ಹಸಿರು ಚುಕ್ಕೆ ಮಿಣುಕುತ್ತಾ "ಈಗ 41 ಜನ ಈ ಪುಟ ನೋಡುತ್ತಿದ್ದಾರೆ". ಪಕ್ಕದಲ್ಲಿ "4ಕೆ, 60 ಎಫ್‌ಪಿಎಸ್, ಎಐ ಕ್ವಾಲಿಟಿ", ಅಂದರೆ ತುಂಬಾ ಸ್ಪಷ್ಟ ಚಿತ್ರ, ಸೆಕೆಂಡಿಗೆ 60 ಫ್ರೇಮ್, ಎಐ ಹಚ್ಚಿ ತಿದ್ದಿದ್ದು ಅಂತ. ಭಾವ ಫೋನ್‌ನಲ್ಲಿ ಹೇಳಿದ್ದು ಇಷ್ಟೇ: "ಇಷ್ಟು ಜನ ಹೋಗ್ತಾರೆ ಅಂದ್ರೆ ಸುಮ್ನೆ ಅಲ್ಲ ಕಣೋ." ಕ್ಯಾಸೆಟ್ ಕೊಟ್ಟರು, ಮುಂಗಡವನ್ನೂ ಕೊಟ್ಟರು.

ಹೇಳಿದ ದಿನ ದಾಟಿ ಎಷ್ಟೋ ದಿನಕ್ಕೆ ಪೆನ್‌ಡ್ರೈವ್ ಬಂತು. ಎಲ್ಲರೂ ಟಿವಿ ಮುಂದೆ ಕೂತೆವು.

ಮೊದಲು ಕಣ್ಣಿಗೆ ಬಿದ್ದಿದ್ದು, ಎಲ್ಲರೂ ದಪ್ಪ. ಅಕ್ಕ ಆಗ ಕಡ್ಡಿಯಂತಿದ್ದವಳು, ವಿಡಿಯೋದಲ್ಲಿ ಅಗಲಕ್ಕೆ ಹರಡಿದ್ದಾಳೆ. 4:3 ಚೌಕದ ಚಿತ್ರವನ್ನು ಈಗಿನ ಟಿವಿ ಅಗಲಕ್ಕೆ ಹಿಗ್ಗಿಸಿ ಹಾಕಿದ್ದರು. ಇದೇನೋ ಸರಿ ಮಾಡಬಹುದಾದ ತಪ್ಪು. ಮುಂದೆ ಹೋದಂತೆ ಸರಿ ಮಾಡಲಾಗದವು ಶುರುವಾದವು. ಮಂಟಪದ ಹಿಂದಿನ ಪರದೆಗೆ ಥರ್ಮಾಕೋಲ್ ಅಕ್ಷರ ಕತ್ತರಿಸಿ ಹುಡುಗ ಹುಡುಗಿಯ ಹೆಸರು ಅಂಟಿಸುತ್ತಿದ್ದರಲ್ಲ, ಅದು ಈ 4ಕೆ ವಿಡಿಯೋದಲ್ಲಿ ಯಾವ ಭಾಷೆಯ ಲಿಪಿಯೂ ಅಲ್ಲದ ಸೊಟ್ಟ ಗೆರೆಗಳಾಗಿತ್ತು. ಚಿಕ್ಕಮ್ಮನ ಮೂಗುಬೊಟ್ಟು ಮಾಯ. ಹಿಂದಿನ ಸಾಲಿನಲ್ಲಿ ಕೂತವರ ಮುಖಕ್ಕೆಲ್ಲ ಒಂದೇ ಥರದ ನುಣುಪು, ಯಾರು ಯಾರು ಅಂತ ಅಮ್ಮನಿಗೂ ಗುರುತು ಸಿಗಲಿಲ್ಲ.

ಇದು ಯಾಕೆ ಹೀಗಾಗುತ್ತದೆ ಅಂತ ತಿಳಿದುಕೊಂಡರೆ ನಿಮಗೆ ಕೇಳೋಕೆ ಧೈರ್ಯ ಬರುತ್ತದೆ. ನಮ್ಮ ದೇಶದ ಟಿವಿ, ವಿಡಿಯೋ ಎಲ್ಲ ಆಗ ಪಾಲ್ ಪದ್ಧತಿ. ಅದರಲ್ಲಿ ಒಟ್ಟು 625 ಗೆರೆ, ಚಿತ್ರ ಕಾಣುವುದು 576 ಗೆರೆಗಳಲ್ಲಿ. ಅಡ್ಡಕ್ಕೆ ವಿಎಚ್‌ಎಸ್ ಹಿಡಿಯುತ್ತಿದ್ದ ವಿವರ ಸುಮಾರು 240 ಗೆರೆಯಷ್ಟು, ಅದಕ್ಕಿಂತ ಜಾಸ್ತಿ ಕ್ಯಾಸೆಟ್‌ನಲ್ಲಿ ಇಲ್ಲವೇ ಇಲ್ಲ. ಇಲ್ಲದ್ದನ್ನು 4ಕೆಗೆ ಏರಿಸಬೇಕು ಅಂದರೆ ಸಾಫ್ಟ್‌ವೇರ್ ಊಹೆ ಮಾಡಿ ತುಂಬಿಸಬೇಕು. ಮೂಗುಬೊಟ್ಟನ್ನು ಅದು ಕಲೆ ಅಂದುಕೊಂಡು ಒರೆಸಿಹಾಕಿತು. ಅಕ್ಷರ ಏನಿರಬಹುದು ಅಂತ ತೋಚಿದ್ದು ಬರೆಯಿತು.

ಅದೂ ಹೋಗಲಿ ಅಂದರೆ ಫೈಲಿನ ಗಾತ್ರ ನೋಡಿ. ಮೂರು ಗಂಟೆಯ 4ಕೆ 60 ಎಫ್‌ಪಿಎಸ್ ವಿಡಿಯೋ 3 ಜಿಬಿಗಿಂತ ಕಡಿಮೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ಎರಡು ಮೆಗಾಬಿಟ್ ಚಿಲ್ಲರೆ. 4ಕೆ 60 ವಿಡಿಯೋ ಅಪ್‌ಲೋಡ್ ಮಾಡುವವರಿಗೆ ಯೂಟ್ಯೂಬ್ ಹೇಳುವುದು 53ರಿಂದ 68 ಮೆಗಾಬಿಟ್. ಅಂದರೆ ಇಲ್ಲಿ 4ಕೆ ಅನ್ನುವುದು ಬರೀ ಫೈಲಿನ ಹಣೆಪಟ್ಟಿ.

ಧಾರೆಯ ಭಾಗವಂತೂ ನೋಡೋಕಾಗಲಿಲ್ಲ. ಯಾರಾದರೂ ಕೈ ಆಡಿಸಿದರೆ ಸಾಕು, ಕೈಯ ಅಂಚಿಗೆ ಬಾಚಣಿಗೆ ಹಲ್ಲಿನಂಥ ಗೆರೆಗಳು. ಹಳೇ ವಿಡಿಯೋದಲ್ಲಿ ಒಂದು ಸೆಕೆಂಡಿಗೆ 25 ಪೂರ್ತಿ ಚಿತ್ರಗಳು ಇರುವುದಲ್ಲ, 50 ಅರ್ಧ ಚಿತ್ರಗಳು ಇರುತ್ತವೆ, ಒಂದರಲ್ಲಿ ಬೆಸ ಗೆರೆ, ಇನ್ನೊಂದರಲ್ಲಿ ಸಮ ಗೆರೆ, ಒಂದಾದ ಮೇಲೆ ಒಂದು. ಇದನ್ನು ಡಿಇಂಟರ್‌ಲೇಸ್ ಮಾಡಿ, ಅಂದರೆ ಒಂದೊಂದು ಅರ್ಧವನ್ನೂ ಪೂರ್ತಿ ಚಿತ್ರ ಮಾಡಿ, 50 ಎಫ್‌ಪಿಎಸ್ ಮಾಡಿದರೆ ಚಲನೆ ನಯವಾಗಿ ಬರುತ್ತದೆ. ಇವರು ಅದನ್ನು ಮಾಡದೆ ಎರಡು ಅರ್ಧವನ್ನು ಹಾಗೇ ಅಂಟಿಸಿ, ಅದರ ಮೇಲೆ 60 ಅಂತ ಏರಿಸಿದ್ದರು. 25ನ್ನು 60ಕ್ಕೆ ಏರಿಸಿದರೆ ಸಮವಾಗಿ ಹಂಚಿಕೆ ಆಗುವುದಿಲ್ಲ, ಕೆಲವು ಚಿತ್ರ ಎರಡು ಸಲ, ಕೆಲವು ಮೂರು ಸಲ ಬರುತ್ತವೆ. ಕ್ಯಾಮೆರಾ ಒಂದು ಕಡೆಯಿಂದ ಇನ್ನೊಂದು ಕಡೆ ತಿರುಗಿದಾಗಲೆಲ್ಲ ಜಗ್ಗಿ ಜಗ್ಗಿ ಓಡುವುದು ಅದಕ್ಕೇ.

ಇನ್ನು ಧ್ವನಿ. ಶುರುವಿನಲ್ಲಿ ಸರಿ ಇತ್ತು. ತಾಳಿ ಕಟ್ಟುವ ಹೊತ್ತಿಗೆ ಭಾವ ಗಂಟು ಹಾಕಿ ಮುಗಿಸಿ, ಅಕ್ಷತೆ ಬಿದ್ದು, ಪಕ್ಕಕ್ಕೆ ತಿರುಗಿ ಯಾರ ಜೊತೆಗೋ ಮಾತಾಡೋಕೆ ಶುರು ಮಾಡಿದ ಮೇಲೆ ಗಟ್ಟಿಮೇಳ! ಮನೆಯವರೆಲ್ಲ ನಕ್ಕರು, ನಗುವ ವಿಷಯ ಅಲ್ಲ ಇದು. ಟೇಪು ವಿಸಿಆರ್ ಒಳಗೆ ಒಂದೇ ವೇಗದಲ್ಲಿ ಓಡುವುದಿಲ್ಲ, ಹಳೆಯದಾದಷ್ಟೂ ಸಣ್ಣದಾಗಿ ಅಲುಗಾಡುತ್ತದೆ. ಹಳೇ ಟಿವಿ ಅದನ್ನು ಸಹಿಸಿಕೊಳ್ಳುತ್ತಿತ್ತು. ವಿಸಿಆರ್‌ನಿಂದ ವಿಡಿಯೋ ಹಿಡಿಯೋಕೆ ಕಂಪ್ಯೂಟರ್‌ಗೆ ಚುಚ್ಚುವ ಅಗ್ಗದ ಯುಎಸ್‌ಬಿ ಡಾಂಗಲ್ ಸಹಿಸುವುದಿಲ್ಲ, ಸಿಗ್ನಲ್ ತಪ್ಪಿದಾಗಲೆಲ್ಲ ಒಂದೊಂದು ಫ್ರೇಮ್ ಬಿಟ್ಟು ಮುಂದೆ ಹೋಗುತ್ತದೆ. ಚಿತ್ರ ಬಿಟ್ಟುಹೋಗುತ್ತದೆ, ಧ್ವನಿ ಪೂರ್ತಿ ಉಳಿಯುತ್ತದೆ, ಹೀಗಾಗಿ ಧ್ವನಿ ಹಿಂದೆ ಹಿಂದೆ ಬೀಳುತ್ತದೆ. ಇದನ್ನು ತಡೆಯೋಕೇ ಟಿಬಿಸಿ ಅಂತ ಒಂದು ಸಾಧನ ಇದೆ, ಟೈಮ್ ಬೇಸ್ ಕರೆಕ್ಟರ್. ಒಳ್ಳೆ ವಿಸಿಆರ್‌ಗಳಲ್ಲಿ ಒಳಗೇ ಇರುತ್ತದೆ. ಮಂಟಪದ ಕಂಬಗಳು ನೇರ ನಿಲ್ಲದೆ ಹಾವಿನಂತೆ ಅಲುಗುತ್ತಿದ್ದರೆ ಟಿಬಿಸಿ ಇಲ್ಲ ಅಂತ ತಿಳಿದುಕೊಳ್ಳಿ.

ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಮಿನಿಡಿವಿ ನೋಡಿದಾಗ. ಅಜ್ಜ ಹೊಸ ಶಲ್ಯ ಹೊದ್ದು ಕೂತಿದ್ದಾರೆ, ಮೂಲೆಯಲ್ಲಿ "ಪ್ಲೇ" ಅನ್ನುವ ಅಕ್ಷರ, ಓಡುವ ಟೈಮ್‌ಕೋಡ್, ಬ್ಯಾಟರಿ ಚಿಹ್ನೆ. ಕ್ಯಾಮೆರಾದ ಪರದೆಯ ಮೇಲೆ ಬರುವ ಅಕ್ಷರಗಳು ವಿಡಿಯೋ ಒಳಗೇ ಅಚ್ಚಾಗಿವೆ, ಕೊನೆಯ ತನಕ. ಮಿನಿಡಿವಿ ಒಳಗೆ ಇರುವುದೇ ಡಿಜಿಟಲ್ ಡೇಟಾ. ಫೈರ್‌ವೈರ್ ಕೇಬಲ್ ಹಾಕಿ ಎಳೆದರೆ ಟೇಪಿನಲ್ಲಿರುವುದು ಹಾಗ್ಹಾಗೇ ಫೈಲ್ ಆಗಿ ಬರುತ್ತದೆ, ಗಂಟೆಗೆ ಸುಮಾರು 13 ಜಿಬಿ. ಅಲ್ಲಿ ಪರದೆಯ ಅಕ್ಷರ ಬರುವ ಮಾತೇ ಇಲ್ಲ. ಇವರು ಹಳದಿ ಪಿನ್ನಿನ ಎವಿ ಕೇಬಲ್ ಹಾಕಿ ಅದನ್ನೂ ಅದೇ ಡಾಂಗಲ್‌ಗೆ ಚುಚ್ಚಿದ್ದಾರೆ. ಇದಕ್ಕೆ ವಿಎಚ್‌ಎಸ್‌ಗಿಂತ ಜಾಸ್ತಿ ರೇಟು ಹಾಕಿದ್ದರು ಬೇರೆ.

ಫೋನ್ ಮಾಡಿದರೆ ಅಲ್ಲಿಂದ ಬಂದಿದ್ದು ಸಿದ್ಧ ಉತ್ತರ. "ಸಾರ್, ಕ್ಯಾಸೆಟ್ಟೇ ಹಾಳಾಗಿದೆ, ನಾವೇನ್ ಮಾಡೋಕಾಗುತ್ತೆ?" ಸರಿ, ವಿಎಚ್‌ಎಸ್ ಹಾಳಾಗಿದೆ ಅಂತಲೇ ಇಟ್ಟುಕೊಳ್ಳೋಣ, ಅಜ್ಜನ ಮೇಲೆ ಬ್ಯಾಟರಿ ಚಿಹ್ನೆ ಕ್ಯಾಸೆಟ್ ಹಾಳಾಗಿದ್ದಕ್ಕೆ ಬಂತಾ? ಅದಕ್ಕೆ ಮಾತಿಲ್ಲ. ಸ್ವಲ್ಪ ಹೊತ್ತಿಗೆ ವಾಟ್ಸಾಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಬಂತು, ವೆಬ್‌ಸೈಟ್‌ಗೆ ಬರುವವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ದು. "ತಿಂಗಳಿಗೆ ಒಂದು ಲಕ್ಷದ ಮೇಲೆ ಜನ ಬರ್ತಾರೆ, ಯಾರೂ ಕಂಪ್ಲೇಂಟ್ ಮಾಡಿಲ್ಲ, ನೀವೊಬ್ಬರೇ."

ನಾನು ಆಫೀಸಿನಲ್ಲಿ ದಿನಾ ಕಣ್ಣು ಹಾಯಿಸುವುದೇ ಅನಲಿಟಿಕ್ಸ್ ಮೇಲೆ. ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ನೋಡಿದೆ. ಲಕ್ಷದ ಅಂಕಿ ಇದ್ದಿದ್ದು "ಇವೆಂಟ್ ಕೌಂಟ್" ಅನ್ನುವ ಕಾಲಂನಲ್ಲಿ. ಅದು ಜನರ ಲೆಕ್ಕ ಅಲ್ಲ. 2023ರ ಜುಲೈನಿಂದ ಹಳೇ ಅನಲಿಟಿಕ್ಸ್ ನಿಂತು ಅದರ ಹೊಸ ಆವೃತ್ತಿ ಜಿಎ4 ಒಂದೇ ಉಳಿದ ಮೇಲೆ ಎಲ್ಲವೂ ಇವೆಂಟ್, ಅಂದರೆ ಸೈಟ್‌ನಲ್ಲಿ ನಡೆಯುವ ಒಂದೊಂದು ಕ್ರಿಯೆಯ ಲೆಕ್ಕದಲ್ಲೇ ನಡೆಯುತ್ತದೆ. ಒಬ್ಬ ಮನುಷ್ಯ ಮೊದಲ ಸಲ ಬಂದು ಒಂದೇ ಪುಟ ಕೆಳಗಿನ ತನಕ ಎಳೆದು ಹೋದರೂ ಮೊದಲ ಭೇಟಿ ಒಂದು, ಸೆಷನ್ ಶುರು ಒಂದು, ಪುಟ ನೋಡಿದ್ದು ಒಂದು, ಸ್ಕ್ರಾಲ್ ಒಂದು, ಅಲ್ಲಿದ್ದದ್ದಕ್ಕೆ ಇನ್ನೊಂದು ಅಂತ ಐದು ಇವೆಂಟ್ ಬೀಳಬಹುದು. ಅದೇ ಚಿತ್ರದಲ್ಲಿ ಸರಾಸರಿ ಎಂಗೇಜ್‌ಮೆಂಟ್ ಸಮಯ, ಅಂದರೆ ಬಂದವರು ಪುಟ ನೋಡಿದ ಹೊತ್ತು, ಕೆಲವೇ ಸೆಕೆಂಡು. ಊರುಗಳ ಪಟ್ಟಿಯಲ್ಲಿ ಬೆಂಗಳೂರಿಗಿಂತ ಮೇಲೆ ಆಶ್‌ಬರ್ನ್. ಅಮೆರಿಕದ ವರ್ಜೀನಿಯಾದಲ್ಲಿರುವ ಈ ಊರು ಡೇಟಾ ಸೆಂಟರ್‌ಗಳ ತವರು. ಅಲ್ಲಿಂದ ಬರುವ ಭೇಟಿಗಳಲ್ಲಿ ತುಂಬಾ ಸಲ ಮನುಷ್ಯರೇ ಇರುವುದಿಲ್ಲ, ಸರ್ವರ್‌ಗಳ ಮೇಲೆ ಓಡುವ ಬಾಟ್‌ಗಳಿರುತ್ತವೆ. ಗೊತ್ತಿರುವ ಬಾಟ್‌ಗಳನ್ನು ಗೂಗಲ್ ತಾನೇ ತೆಗೆದುಹಾಕುತ್ತದೆ, ಗೊತ್ತಿಲ್ಲದವು ಸಂದರ್ಶಕರ ವೇಷದಲ್ಲಿ ಒಳಗೇ ಉಳಿಯುತ್ತವೆ. ಬೆಂಗಳೂರಿನ ಒಂದು ಗಲ್ಲಿಯಲ್ಲಿ ಮದುವೆ ಕ್ಯಾಸೆಟ್ ಕಾಪಿ ಮಾಡುವ ಅಂಗಡಿಯನ್ನು ವರ್ಜೀನಿಯಾದವರು ಯಾಕಪ್ಪಾ ಹುಡುಕ್ತಾರೆ?

ನ್ಯಾಯವಾಗಿ ಹೇಳಬೇಕು ಅಂದರೆ ಅನಲಿಟಿಕ್ಸ್ ಎರಡೂ ದಿಕ್ಕಿಗೆ ತಪ್ಪುತ್ತದೆ. ಆ್ಯಡ್ ಬ್ಲಾಕರ್ ಇರುವವರು ಲೆಕ್ಕಕ್ಕೇ ಸಿಗದೆ ಹೋಗಬಹುದು. ಒಬ್ಬನೇ ಫೋನಿನಿಂದ ಒಮ್ಮೆ, ಲ್ಯಾಪ್‌ಟಾಪ್‌ನಿಂದ ಒಮ್ಮೆ ಬಂದರೆ ಇಬ್ಬರಾಗಬಹುದು. ಕೋಡ್ ತಪ್ಪಿ ಎರಡು ಸಲ ಹಾಕಿದ್ದರೆ ಎಲ್ಲವೂ ಡಬಲ್. ಹೀಗಾಗಿ ಅದು ಹೋದ ತಿಂಗಳಿಗೂ ಈ ತಿಂಗಳಿಗೂ ಹೋಲಿಸಿ ನೋಡೋಕೆ ಸರಿ. ಗಿರಾಕಿಯ ಬಾಯಿ ಮುಚ್ಚಿಸೋಕೆ ಇರುವುದಲ್ಲ.

ಹಾಗಾದರೆ ಆ ಹಸಿರು ಚುಕ್ಕೆಯ ಕಥೆ ಏನು ಅಂತ ನೋಡಿದೆ. ಪುಟ ತೆರೆದೆ, ಫೋನಿನ ಡೇಟಾ, ವೈಫೈ ಎರಡೂ ಆಫ್ ಮಾಡಿದೆ. 41 ಇದ್ದದ್ದು 38 ಆಯಿತು. ಆಮೇಲೆ 44. ಮತ್ತೆ 40. ಇಂಟರ್‌ನೆಟ್ಟೇ ಇಲ್ಲ, ಆದರೂ ಜನ ಬರ್ತಿದ್ದಾರೆ, ಹೋಗ್ತಿದ್ದಾರೆ! ನನ್ನ ಫೋನಿನ ಬ್ರೌಸರ್ ಒಳಗೇ ಕೂತು ಬಾಯಿಗೆ ಬಂದ ಅಂಕಿ ಹೇಳುವ ಸಣ್ಣ ಸ್ಕ್ರಿಪ್ಟ್ ಅದು. ಮೇಲಿನ 12 ಲಕ್ಷದ ಮೀಟರ್ ಕೂಡ ಅದೇ ಜಾತಿ, ಪುಟದ ಕೋಡ್ ನೋಡಿದರೆ ಶುರುವಿನ ಅಂಕಿಯನ್ನೇ ಕೈಯಲ್ಲಿ ಬರೆದಿದ್ದಾರೆ. ಯಾವ ಸೈಟ್‌ನಲ್ಲಾದರೂ "ಈಗ ಇಷ್ಟು ಜನ ನೋಡ್ತಿದ್ದಾರೆ" ಅಂತ ಕಂಡರೆ ನೀವೂ ಡೇಟಾ ಆಫ್ ಮಾಡಿ ನೋಡಿ. ಅಂಕಿ ನಿಂತರೆ ನಿಜ ಅಂತ ಅರ್ಥ ಅಲ್ಲ, ಆದರೆ ಆಮೇಲೂ ಕುಣಿಯುತ್ತಿದ್ದರೆ ಖಂಡಿತ ಸುಳ್ಳು.

ಆಮೇಲೆ ಮೈಸೂರಿನಲ್ಲಿ ಒಬ್ಬ ಹಳೇ ಮದುವೆ ವಿಡಿಯೋಗ್ರಾಫರ್ ಸಿಕ್ಕರು. ಅವರ ಹತ್ತಿರ ವೆಬ್‌ಸೈಟೂ ಇಲ್ಲ, ಬೋರ್ಡೂ ಇಲ್ಲ. ಟಿಬಿಸಿ ಇರುವ ಎಸ್-ವಿಎಚ್‌ಎಸ್ (ವಿಎಚ್‌ಎಸ್‌ಗಿಂತ ಮೇಲಿನ ದರ್ಜೆಯ) ವಿಸಿಆರ್ ಇದೆ, ಅದನ್ನು ಮಗುವಿನಂತೆ ನೋಡಿಕೊಳ್ಳುತ್ತಾರೆ. ಕ್ಯಾಸೆಟ್ ಕೊಟ್ಟ ತಕ್ಷಣ ಮುಚ್ಚಳ ಎತ್ತಿ ಟೇಪನ್ನು ಬೆಳಕಿಗೆ ಹಿಡಿದು ಬೂಷ್ಟು ಇದೆಯಾ ಅಂತ ನೋಡಿದರು. ಮಲೆನಾಡಿನ ಕ್ಯಾಸೆಟ್ ಅಂದರೆ ಮೊದಲು ನೋಡುವುದೇ ಅದನ್ನಂತೆ. ಬೂಷ್ಟು ಹಿಡಿದದ್ದನ್ನು ಹಾಗೇ ಓಡಿಸಿದರೆ ಟೇಪು ಓದುವ ವಿಸಿಆರ್ ಹೆಡ್ ಹಾಳು, ಅದಾದ ಮೇಲೆ ಹಾಕುವ ಬೇರೆಯವರ ಕ್ಯಾಸೆಟ್‌ಗೂ ಅಂಟುತ್ತದೆ, ಟೇಪು ಹರಿಯಲೂಬಹುದು. ನಮ್ಮದರಲ್ಲಿ ಬೂಷ್ಟು ಇರಲಿಲ್ಲ. ಆದರೆ ಒಂದು ಕಡೆ ಟೇಪು ಸುಕ್ಕಾಗಿತ್ತು, ಹೊಸ ಸುಕ್ಕು ಅಂದರು. ಆ ಅಂಗಡಿಯ ಯಂತ್ರ ಅಗಿದಿದೆ. ಧಾರೆ ಎರೆಯುವ ಹೊತ್ತಿನ ಕೆಲವು ಸೆಕೆಂಡು ಈಗ ಯಾರು ಮಾಡಿದರೂ ಸರಿ ಬರುವುದಿಲ್ಲ.

ಉಳಿದದ್ದು ಬಂತು, ಚೆನ್ನಾಗಿ ಬಂತು. 4ಕೆ ಅಲ್ಲ, 720 ಅಡ್ಡ 576 ಉದ್ದ, 50 ಎಫ್‌ಪಿಎಸ್, ಸರಿಯಾದ 4:3. ಕೆಳಗಡೆ ಒಂದು ಸಣ್ಣ ಪಟ್ಟಿ ಅದುರುತ್ತದೆ, ಅದು ವಿಎಚ್‌ಎಸ್ ಹೆಡ್ ಬದಲಾಗುವ ಜಾಗ, ಎಲ್ಲ ಕ್ಯಾಸೆಟ್‌ನಲ್ಲೂ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಮೂಗುಬೊಟ್ಟು ವಾಪಸ್ ಬಂತು. ಗಟ್ಟಿಮೇಳ ತಾಳಿ ಕಟ್ಟುವಾಗಲೇ ಕೇಳುತ್ತದೆ.

ಹಾಗಾಗಿ ನೀವು ಕೊಡುವ ಮುಂಚೆ ಒಂದೇ ಒಂದು ಕ್ಯಾಸೆಟ್ ಕೊಟ್ಟು, ಅದರಲ್ಲೂ ಒಂದೆರಡು ನಿಮಿಷದ ಮೂಲ ಫೈಲ್ ಕೇಳಿ, ಎಡಿಟ್ ಮಾಡದ, ಎಐ ಹಚ್ಚದ ಫೈಲ್. ಮೀಡಿಯಾಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ಹಾಕಿ ನೋಡಿದರೆ ಗಾತ್ರ, ಬಿಟ್‌ರೇಟ್, ಎಫ್‌ಪಿಎಸ್ ಎಲ್ಲ ಕಾಣುತ್ತದೆ. 576 ಇರಬೇಕಾದ ಕಡೆ 480 ಕಂಡರೆ ಡಾಂಗಲನ್ನು ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ ಸೆಟ್ಟಿಂಗ್‌ನಲ್ಲೇ ಬಿಟ್ಟಿರುವ ಸಾಧ್ಯತೆ ಜಾಸ್ತಿ. ಯಾವ ವಿಸಿಆರ್, ಟಿಬಿಸಿ ಇದೆಯಾ, ಮಿನಿಡಿವಿಗೆ ಫೈರ್‌ವೈರ್ ಇದೆಯಾ ಅಂತ ನೇರವಾಗಿ ಕೇಳಿ. ಕೆಲಸ ಗೊತ್ತಿರುವವರು ಇಂಥ ಪ್ರಶ್ನೆಗೆ ಖುಷಿಯಿಂದ ಅರ್ಧ ಗಂಟೆ ಮಾತಾಡ್ತಾರೆ. "ಎಲ್ಲಾ ಇದೆ ಸಾರ್, ಟೆನ್ಷನ್ ತಗೋಬೇಡಿ" ಅಂದರೆ ಕ್ಯಾಸೆಟ್ ಎತ್ತಿಕೊಂಡು ಬನ್ನಿ. ಎಷ್ಟು ಕ್ಯಾಸೆಟ್ ಕೊಟ್ಟಿರಿ, ಯಾವ ಯಾವುದು ಅಂತ ರಸೀದಿಯಲ್ಲಿ ಬರೆಸಿಕೊಳ್ಳಿ, ಫೋಟೋ ತೆಗೆದಿಡಿ. ಡಿಜಿಟಲ್ ಆಯಿತು ಅಂತ ಕ್ಯಾಸೆಟ್ ಬಿಸಾಕಬೇಡಿ, ನಮ್ಮದು ಎರಡನೇ ಸಲ ಸರಿಯಾಗಿದ್ದೇ ಕ್ಯಾಸೆಟ್ ಉಳಿದಿದ್ದಕ್ಕೆ. ಮನೆಯಲ್ಲಿ ಓಡುವ ವಿಸಿಆರ್ ಇದ್ದರೆ ಅದನ್ನೂ ಗುಜರಿಗೆ ಹಾಕಬೇಡಿ. ಕೊನೆಯ ತನಕ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿಯೇ 2016ರ ಜುಲೈಗೆ ನಿಲ್ಲಿಸಿಬಿಟ್ಟಿತು, ಇನ್ನು ಇರುವುದೆಲ್ಲ ಹಳೆಯವೇ.

ಅಂಗಡಿಯವರು ತುಂಬಾ ಜಗಳ ಆದ ಮೇಲೆ ಅರ್ಧ ದುಡ್ಡು ವಾಪಸ್ ಕೊಟ್ಟರು. ಧಾರೆಯ ಕ್ಯಾಸೆಟ್, ಮಿನಿಡಿವಿ ಕೈ ಸೇರಿವೆ. ಆರತಕ್ಷತೆಯ ಕ್ಯಾಸೆಟ್ ಇನ್ನೂ ಬಂದಿಲ್ಲ. ಕೇಳಿದಾಗಲೆಲ್ಲ "ಗೋಡೌನ್‌ನಲ್ಲಿ ಹುಡುಕ್ತಿದ್ದೀವಿ ಸಾರ್" ಅಂತಾರೆ. ಭಾವ ಈಗ ಗ್ರಾಹಕರ ಆಯೋಗಕ್ಕೆ ಹೋಗೋಕೆ ರಸೀದಿ ಹುಡುಕುತ್ತಿದ್ದಾರೆ.