ಪುಸ್ತಕದ ಮೇಲೆ ಆಕ್ಷೇಪ ಬಂದರೆ: ಮಂಡಳಿಯ ಮತವೋ, ಸಮಿತಿಯ ಪರಿಶೀಲನೆಯೋ?

ಅಮೆರಿಕದ ಶಾಲಾ ಮಂಡಳಿಗೆ ಹೊಸದಾಗಿ ಅಧ್ಯಕ್ಷರಾಗಿದ್ದೀರಿ. ಗ್ರಂಥಾಲಯದಿಂದ ಪುಸ್ತಕ ತೆಗೆಯಿರಿ ಎಂದು ಪೋಷಕರು ಪಟ್ಟು ಹಿಡಿದರೆ ಮಂಡಳಿಯೇ ಮತ ಹಾಕಿ ತೀರ್ಮಾನಿಸಬೇಕೋ, ಪುಸ್ತಕ ಓದಿ ಸಲಹೆ ಕೊಡುವ ಸಮಿತಿಗೆ ಒಪ್ಪಿಸಬೇಕೋ ಎಂದು ಕೇಳಿದ್ದೀರಿ.

ಸಮಯ ನೋಡಿದರೆ ಮತವೇ ಸಲೀಸು, ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಸಮಿತಿಗೆ ವಾರಗಳೇ ಬೇಕು, ಪುಸ್ತಕವನ್ನು ಪೂರ್ತಿ ಓದಬೇಕಲ್ಲ!

ಕಾನೂನಿನ ಮಾತು ಬೇರೆ. ನ್ಯೂಯಾರ್ಕ್ ರಾಜ್ಯದ ಐಲೆಂಡ್ ಟ್ರೀಸ್ ಮಂಡಳಿ 1976ರಲ್ಲಿ ಪುಸ್ತಕಗಳನ್ನು ತೆಗೆಸಿತು. ಆಮೇಲೆ ಪೋಷಕರು, ಸಿಬ್ಬಂದಿ ಇದ್ದ ಸಮಿತಿ ಮಾಡಿ, ಅದರ ಸಲಹೆಯನ್ನು ಬಹುಪಾಲು ತಳ್ಳಿಹಾಕಿತು. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 1982ರಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಗಳು ಒಡೆದುಹೋದರು, ಒಂದೇ ಬಹುಮತದ ಅಭಿಪ್ರಾಯ ಹೊರಬರಲಿಲ್ಲ. ಹಾಗಾಗಿ ಈ ವಿಷಯದಲ್ಲಿ ನಿಮ್ಮ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ. ನನಗೆ ಆ ಪ್ರಕರಣದಲ್ಲಿ ಕಾಣುವುದು ಇಷ್ಟು: ಸಮಿತಿಯನ್ನು ಮಾಡಿ ಅದರ ಮಾತು ಕೇಳದಿರುವುದು ಸಮಿತಿಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಇನ್ನು ನಂಬಿಕೆ. ಮಂಡಳಿಯ ಸಭೆಯಲ್ಲಿ ಮೈಕಿನ ಮುಂದೆ ನಿಂತ ತಾಯಿಯ ಕೈಯಲ್ಲಿ ಹಾಳೆಹಾಳೆಗೂ ಹಳದಿ ಚೀಟಿ ಅಂಟಿಸಿದ ಪುಸ್ತಕವಿರುತ್ತದೆ. ಆಕೆಗೆ ಸಿಗುವುದು ಎರಡೋ ಮೂರೋ ನಿಮಿಷ. ಸಮಿತಿಯಲ್ಲಾದರೆ ಆ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ನೋಡುವವರು ಇರುತ್ತಾರೆ.

ಊರು ಎರಡಾಗಿ ಒಡೆದಿದ್ದರೆ, ಮಂಡಳಿಯ ಚುನಾವಣೆ ಹತ್ತಿರವಿದ್ದರೆ ಸಮಿತಿಗೇ ಕೊಡಿ. ನಿಯಮ ಮೊದಲೇ ಬರೆದಿಟ್ಟಿದ್ದು, ಸಮಿತಿಯ ವರದಿಯ ಮೇಲೆ ಮೇಲ್ಮನವಿ ಬಂದಿದ್ದರೆ ಮಾತ್ರ ಮಂಡಳಿ ಕಾರಣ ಬರೆದು ಮತ ಹಾಕಲಿ. ನಿಯಮವೇ ಇಲ್ಲವೇ? ಮೊದಲು ಅದನ್ನು ಬರೆಯಿರಿ, ಅಲ್ಲಿಯವರೆಗೆ ಪುಸ್ತಕ ಕಪಾಟಿನಲ್ಲೇ ಇರಲಿ.