ಫಿನ್, ಗಿಂಬಲ್, ಕೆನಾರ್ಡ್: ನಮ್ಮ ರಾಕೆಟ್‌ಗೆ ಯಾವುದು ಒಗ್ಗಿತು?

ಕಾಲೇಜಿನ ರಾಕೆಟ್ ತಂಡದಲ್ಲಿ 2 ವರ್ಷ ಇದ್ದೆ. ರಾಕೆಟ್ ನೆಟ್ಟಗೆ ಹಾರಲಿ ಅಂತ ಮೂರು ದಾರಿ ಪ್ರಯತ್ನಿಸಿದೆವು.

ಮೊದಲು, ಬಾಲಕ್ಕೆ ಅಂಟಿಸಿದ ಅಲುಗಾಡದ ಫಿನ್‌ಗಳು, ಅಂದರೆ ಚಪ್ಪಟೆ ರೆಕ್ಕೆಗಳು. ಟಿಪ್ಪು ಕಾಲದ ಮೈಸೂರು ರಾಕೆಟ್‌ಗಳಿಗೆ ಉದ್ದನೆಯ ಬಿದಿರು ಕಟ್ಟುತ್ತಿದ್ದರಲ್ಲ, ಅದು ಮಾಡುತ್ತಿದ್ದ ಕೆಲಸವನ್ನೇ ಇವೂ ಮಾಡುತ್ತವೆ. ಗಾಳಿಯ ಒತ್ತಡದ ಕೇಂದ್ರವು ತೂಕದ ಕೇಂದ್ರಕ್ಕಿಂತ ಕೊಳವೆಯ ಒಂದೂವರೆ ವ್ಯಾಸದಷ್ಟು ಹಿಂದಿರಬೇಕು. ಓಪನ್‌ರಾಕೆಟ್ ಸಾಫ್ಟ್‌ವೇರ್‌ನಲ್ಲಿ ಒಂದೇ ಸಂಜೆಯಲ್ಲಿ ಲೆಕ್ಕ ಮುಗಿಯುತ್ತದೆ. ಬ್ಯಾಟರಿ ಬೇಡ, ಕೋಡ್ ಬೇಡ. ಆದರೆ ಅಡ್ಡಗಾಳಿ ಬೀಸಿದರೆ ರಾಕೆಟ್ ಆ ಗಾಳಿ ಬರುವ ಕಡೆಗೇ ಮೂತಿ ತಿರುಗಿಸಿಬಿಡುತ್ತದೆ.

ಎಲ್ಲರಿಗೂ ಆಸೆ ಇದ್ದದ್ದು ಗಿಂಬಲ್ ಮೇಲೆ. ಇಲ್ಲಿ ಎರಡು ಸರ್ವೋಗಳು (ಹೇಳಿದಷ್ಟೇ ಕೋನಕ್ಕೆ ತಿರುಗುವ ಪುಟ್ಟ ವಿದ್ಯುತ್ ಯಂತ್ರಗಳು) ಇಂಧನ ಉರಿದು ರಾಕೆಟ್ ತಳ್ಳುವ ಮೋಟರನ್ನೇ 5 ಡಿಗ್ರಿಯಷ್ಟು ಆಚೀಚೆ ವಾಲಿಸುತ್ತವೆ. ವೇಗ ಇನ್ನೂ ಹುಟ್ಟದ ಮೊದಲ ಕ್ಷಣದಲ್ಲೂ ಹಿಡಿತ ಸಿಗುತ್ತದೆ. ಅದು ಉಳಿದ ಎರಡರಲ್ಲೂ ಇಲ್ಲ. ಆದರೆ ನಮ್ಮ ಮೋಟರ್ ಉರಿಯುತ್ತಿದ್ದದ್ದು 3 ಸೆಕೆಂಡ್ ಮಾತ್ರ. ಅದು ಆರಿದ ಮೇಲೆ ಗಿಂಬಲ್ ಸುಮ್ನೆ ಹೊರೆ. ಒಂದೇ ಮೋಟರ್ ಇದ್ದರೆ ರಾಕೆಟ್ ತನ್ನ ಸುತ್ತ ತಾನೇ ಬುಗುರಿಯಂತೆ ತಿರುಗುವುದನ್ನೂ ಅದು ತಡೆಯಲಾರದು.

ಹೆಚ್ಚು ದಿನ ಹಿಡಿದದ್ದು, ಹೆಚ್ಚು ಕಲಿಸಿದ್ದು ಕೆನಾರ್ಡ್. ಮೂತಿಯ ಹತ್ತಿರ ನಾಲ್ಕು ಪುಟ್ಟ ರೆಕ್ಕೆ, ಒಂದೊಂದಕ್ಕೂ ಒಂದು ಸರ್ವೋ. ಬುಗುರಿ ತಿರುಗುವಿಕೆ ನಿಲ್ಲಿಸುವುದಷ್ಟೇ ನಮ್ಮ ಗುರಿ. ಗಾಳಿ ಸುರಂಗದಲ್ಲಿ ಬೇರಿಂಗ್ ಮೇಲೆ ಕೂರಿಸಿ ನೋಡಿದರೆ, ಎಡಕ್ಕೆ ತಿರುಗು ಅಂದರೆ ಬಲಕ್ಕೆ ತಿರುಗುತ್ತಿತ್ತು! ಒಂದು ವಾರ ಕೋಡ್‌ನಲ್ಲಿ ತಪ್ಪು ಹುಡುಕಿದೆವು. ತಪ್ಪು ಅಲ್ಲಿರಲಿಲ್ಲ. ಮುಂದಿನ ರೆಕ್ಕೆಗಳು ತಿರುಚಿ ಬಿಟ್ಟ ಗಾಳಿ ಹಿಂದಿನ ಫಿನ್‌ಗಳಿಗೆ ಬಡಿದು, ಉಲ್ಟಾ ತಳ್ಳುತ್ತಿತ್ತು. ಆಮೇಲೆ ಹಿಂದಿನ ಫಿನ್‌ಗಳನ್ನು ಸಲೀಸಾಗಿ ತಿರುಗುವ ಉಂಗುರಕ್ಕೆ ಜೋಡಿಸಿದೆವು. ಸಮಸ್ಯೆ ಹೋಯಿತು.

ಇನ್ನೊಂದು ವಿಷಯ ಇದೆ. ರೆಕ್ಕೆಯ ಬಲ ವೇಗದ ವರ್ಗಕ್ಕೆ (ವೇಗ × ವೇಗ) ತಕ್ಕಂತೆ ಏರುತ್ತದೆ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಇರುವ ಬಲ 100 ಮೀಟರ್‌ನಲ್ಲಿ 25 ಪಟ್ಟು. ವೇಗ ಹೆಚ್ಚಿದಂತೆ ರೆಕ್ಕೆ ಕಡಿಮೆ ಓರೆಯಾಗುವಂತೆ ಕೋಡ್ ಬರೆಯದಿದ್ದರೆ ರಾಕೆಟ್ ನಡುಗತೊಡಗುತ್ತದೆ.

ಹೊಸ ತಂಡಕ್ಕೆ ನಾನು ಹೇಳುವುದು ಕೆನಾರ್ಡನ್ನೇ. ಅದರ ರೆಕ್ಕೆಗಳು ಕೆಟ್ಟು, ಓರೆಯಾಗದೆ ನೇರವಾಗಿ ನಿಂತುಬಿಟ್ಟರೂ ಹಿಂದಿನ ಫಿನ್‌ಗಳು ರಾಕೆಟ್ಟನ್ನು ಕಾಯುತ್ತವೆ, ಅಲ್ವಾ? ಗಿಂಬಲ್ ನಂಬಿ ಫಿನ್ ಬಿಟ್ಟವರಿಗೆ ಆ ಆಸರೆ ಇರುವುದಿಲ್ಲ. ಉಂಗುರದ ಬೇರಿಂಗಿಗೆ ಮಾತ್ರ ಧೂಳು ಸೇರದಂತೆ ನೋಡಿಕೊಳ್ಳಿ. ಹಾರಿಸುವ ಮೊದಲು ಬೆರಳಲ್ಲಿ ಒಮ್ಮೆ ತಿರುಗಿಸಿ ನೋಡಿ.