ಹರಿಯುವ ನೀರಿಗೆ ಭೇಷ್, ನಿಂತ ನೀರಿಗೆ ಅರ್ಧವೇ: ಸಾಯರ್ ಸ್ಕ್ವೀಝ್ ಫಿಲ್ಟರ್

ಮೊದಲೇ ಹೇಳಿಬಿಡುತ್ತೇನೆ. ಗುಡ್ಡಗಾಡಿನಲ್ಲಿ ನದಿಯ ದಂಡೆ ಹಿಡಿದು ನಡೆಯುವವರು ಈ ಫಿಲ್ಟರನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಆದರೆ ನಿಮ್ಮ ಹಾದಿ ಬಹುಪಾಲು ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲೇ ಸಾಗುತ್ತದೆ ಅಂದರೆ ಇದೊಂದನ್ನೇ ನಂಬಿ ಹೊರಡಬೇಡಿ. ಎರಡೂ ಬಗೆಯ ಹಾದಿಯಲ್ಲಿ ಇದನ್ನು ಬಳಸಿದ್ದೇನೆ. ಫಿಲ್ಟರ್ ಅದೇ, ನೀರು ಮಾತ್ರ ಬೇರೆ. ಫಿಲ್ಟರ್ ಬಗ್ಗೆ ಬರೆಯುವವರು ತೂಕ, ವೇಗ, ಬಣ್ಣ ಎಲ್ಲ ಬರೆಯುತ್ತಾರೆ, ಆ ನೀರಿನ ಬಗ್ಗೆ ಬರೆಯುವುದು ಕಡಿಮೆ. ಅದಕ್ಕೇ ಇಷ್ಟುದ್ದ ಬರೆಯಬೇಕು ಅನ್ನಿಸಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಇದು ಅಂಗೈಯಲ್ಲಿ ಹಿಡಿಯುವಷ್ಟು ದಪ್ಪದ ಸಣ್ಣ ಪ್ಲಾಸ್ಟಿಕ್ ಕೊಳವೆ, ತೂಕ ಸುಮಾರು 85 ಗ್ರಾಂ. ಒಳಗೆ ತೆಳ್ಳನೆ ನಾರುಗಳ ಕಟ್ಟು ಇರುತ್ತದೆ. ಪ್ರತಿ ನಾರೂ ಟೊಳ್ಳು, ಅದರ ಗೋಡೆಯಲ್ಲಿ ಕಣ್ಣಿಗೆ ಕಾಣದ ತೂತುಗಳು, ಒಂದೊಂದು ತೂತಿನ ಅಳತೆ 0.1 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಕಿಡ್ನಿ ತೊಂದರೆ ಇರುವವರ ಡಯಾಲಿಸಿಸ್‌ನಲ್ಲಿ ಬಳಸುವುದೂ ಇದೇ ಬಗೆಯ ಟೊಳ್ಳು ನಾರು. ಚೀಲದಲ್ಲೋ ಬಾಟಲಿಯಲ್ಲೋ ಕಚ್ಚಾ ನೀರು ತುಂಬಿ, ಅದರ ಬಾಯಿಗೆ ಫಿಲ್ಟರ್ ತಿರುಗಿಸಿ ಹಾಕಿ, ಹಿಂಡಬೇಕು. ಅಷ್ಟೇ ಕೆಲಸ. ಬ್ಯಾಟರಿ ಇಲ್ಲ, ಪಂಪ್ ಇಲ್ಲ, ಕಾಯುವುದೂ ಇಲ್ಲ.

ನದಿ ಪಕ್ಕದ ಹಾದಿಗೆ ಇದು ಯಾಕೆ ಇಷ್ಟು ಒಗ್ಗುತ್ತದೆ ಅಂದರೆ, ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ಬಿಸಿಲಿನ ದಿನಕ್ಕೆ ಮೂರ್ನಾಲ್ಕು ಲೀಟರ್ ಬೇಕು. ಪಕ್ಕದಲ್ಲೇ ನೀರು ಹರಿಯುತ್ತಿರುವಾಗ ಅಷ್ಟು ಭಾರ ಬೆನ್ನ ಮೇಲೆ ಹೊತ್ತು ಏರು ಹತ್ತುವುದು ಸುಮ್ನೆ ಮಂಡಿಗೆ ಶಿಕ್ಷೆ. ಫಿಲ್ಟರ್ ಇದ್ದರೆ ಒಂದು ಲೀಟರ್ ಇಟ್ಟುಕೊಂಡು ಹೊರಟರೆ ಸಾಕು, ಖಾಲಿಯಾದ ಕಡೆ ತುಂಬಿಕೊಂಡು ಅಲ್ಲೇ ಹೊಟ್ಟೆ ತುಂಬ ಕುಡಿದು ಮುಂದೆ ಹೋಗಬಹುದು. ನಡಿಗೆಯೇ ಹಗುರವಾಗುತ್ತದೆ. ಈ ಒಂದು ಕಾರಣಕ್ಕೇ ನನಗೆ ಇದರ ಮೇಲೆ ಅಷ್ಟು ಪ್ರೀತಿ.

ಗುಡ್ಡದ ತೊರೆ ಕನ್ನಡಿಯಂತೆ ಕಂಡರೂ ಅದರಲ್ಲಿ ಕಾಡುಪ್ರಾಣಿಗಳದ್ದೋ ದನಕರುಗಳದ್ದೋ ಗಲೀಜು ಸೇರಿರಬಹುದು. ಜಿಯಾರ್ಡಿಯಾ ಅನ್ನುವ ಪರೋಪಜೀವಿ ಹೊಟ್ಟೆ ಸೇರಿದರೆ ವಾರಗಟ್ಟಲೆ ಭೇದಿ. ಅದರ ಸಿಸ್ಟ್, ಅಂದರೆ ನೀರಿನಲ್ಲಿ ಇರುವ ಗಟ್ಟಿ ಕವಚದ ರೂಪ, ಸುಮಾರು 8ರಿಂದ 12 ಮೈಕ್ರಾನ್ ಇರುತ್ತದೆ, ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಇನ್ನೊಂದು ಪರೋಪಜೀವಿಯದು 4ರಿಂದ 6. 0.1ರ ತೂತಿನಲ್ಲಿ ಇವೆರಡೂ ನುಸುಳುವುದು ಅಸಾಧ್ಯ. ಭೇದಿ ತರುವ ಸಾಮಾನ್ಯ ಬ್ಯಾಕ್ಟೀರಿಯಾಗಳೂ ಹೊರಗೇ ಉಳಿಯುತ್ತವೆ. ಹಾಗಾಗಿ ಊರು, ತೋಟ ಎಲ್ಲ ಕೆಳಗೆ ಬಿಟ್ಟು ಮೇಲೆ ಹೋದ ಮೇಲೆ ಸಿಗುವ ಹರಿಯುವ ನೀರಿಗೆ ಇದು ಪೂರ್ತಿ ಸಾಕು, ಅಲ್ಲಿ ನಾನು ಬೇರೇನೂ ಬಳಸುವುದಿಲ್ಲ.

ಇನ್ನು ಇದು ಏನನ್ನು ತಡೆಯುವುದಿಲ್ಲ ಅನ್ನುವುದಕ್ಕೆ ಬರೋಣ. ಕೊಳ್ಳುವ ಮೊದಲು ತಿಳಿಯಬೇಕಾದ್ದು ಇದೇ.

ವೈರಸ್ ತಡೆಯುವುದಿಲ್ಲ. ನೊರೊವೈರಸ್, ಹೆಪಟೈಟಿಸ್ ಎ ಎಲ್ಲ ಈ ತೂತಿಗಿಂತ ತೀರಾ ಚಿಕ್ಕವು, ಸಲೀಸಾಗಿ ದಾಟುತ್ತವೆ. ಇವು ಹೆಚ್ಚಾಗಿ ಮನುಷ್ಯರ ಮಲದಿಂದ ನೀರಿಗೆ ಬರುವುದರಿಂದ ಹಳ್ಳಿ, ಕ್ಯಾಂಪಿಂಗ್ ಜಾಗ, ಪ್ರವಾಸಿಗರ ಗುಂಪು ಇವುಗಳ ಕೆಳಹರಿವಿನಲ್ಲಿ ಅಪಾಯ ಜಾಸ್ತಿ. ಇಲಿ ಜ್ವರದ ಲೆಪ್ಟೊಸ್ಪೈರಾ ಇನ್ನೊಂದು. ಅದು ಬ್ಯಾಕ್ಟೀರಿಯಾವೇ, ಆದರೆ ದಾರದ ಎಳೆಯಷ್ಟು ಸಪೂರ, ಮೈ ತಿರುಚಿಕೊಂಡು ಚಲಿಸುತ್ತದೆ, ಪ್ರಯೋಗಾಲಯದ 0.22 ಮೈಕ್ರಾನ್ ಫಿಲ್ಟರನ್ನೂ ದಾಟುತ್ತದೆ. ಆದ್ದರಿಂದ ಅದರ ವಿಷಯದಲ್ಲಿ ಈ ಬಗೆಯ ಫಿಲ್ಟರನ್ನು ಪೂರ್ತಿ ನಂಬಲು ನಾನು ತಯಾರಿಲ್ಲ. ಮಳೆ, ನೆರೆ ಬಂದು ಹೋದ ಮೇಲೆ ಕೆಳಬಯಲಿನ ನೀರು ತೆಗೆದುಕೊಳ್ಳುವವರು ಇದನ್ನು ಮರೆಯಬಾರದು. ಕಾಲಿನಲ್ಲಿ ಗಾಯ ಇದ್ದರೆ ಆ ನೀರಿಗೆ ಇಳಿಯುವುದೂ ಬೇಡ, ಅದು ಗಾಯದ ಮೂಲಕವೂ ಒಳಗೆ ಬರುತ್ತದೆ. ತೋಟಕ್ಕೆ ಹೊಡೆದ ಕೀಟನಾಶಕ, ಗೊಬ್ಬರದ ಉಪ್ಪು ಇವೂ ನೀರಿನಲ್ಲಿ ಕರಗಿರುವುದರಿಂದ ಹಾಗೇ ದಾಟುತ್ತವೆ.

ಇದಕ್ಕೆಲ್ಲ ಸೇರಿಸಿ ಜಲಾಶಯದ ನೀರಿಗೆ ಅದರದ್ದೇ ಆದ ತೊಂದರೆಗಳಿವೆ.

ಮೊದಲನೆಯದು ನೀಲಿ ಹಸಿರು ಪಾಚಿ. ಬಿಸಿಲಿಗೆ ಕಾದ, ನಿಂತ, ಗೊಬ್ಬರ ಹರಿದು ಬಂದ ನೀರಿನಲ್ಲಿ ಇದು ಹೆಚ್ಚುತ್ತದೆ. ಹಸಿರು ಬಣ್ಣ ಚೆಲ್ಲಿದ ಹಾಗೆ ಮೇಲೆ ಕೆನೆ ಕಟ್ಟುತ್ತದೆ, ಗಾಳಿ ಬೀಸುವ ದಿಕ್ಕಿನ ದಂಡೆಗೆ ಬಂದು ಗುಡ್ಡೆಯಾಗುತ್ತದೆ. ಕೆಲವು ಬಗೆಯವು ಮೈಕ್ರೊಸಿಸ್ಟಿನ್ ಅನ್ನುವ ವಿಷ ಬಿಡುತ್ತವೆ, ಅದು ಲಿವರ್‌ಗೆ ಕೆಡುಕು. ಪಾಚಿಯ ಕೋಶಗಳನ್ನು ಫಿಲ್ಟರ್ ತಡೆದರೂ ನೀರಿನಲ್ಲಿ ಕರಗಿದ ವಿಷವನ್ನು ತಡೆಯುವುದಿಲ್ಲ. ಕುದಿಸಿದರೆ ಆಯಿತು ಅನ್ನುತ್ತೀರಾ? ಕುದಿಸಿದರೂ ಈ ವಿಷ ಹೋಗುವುದಿಲ್ಲ, ಕೋಶ ಒಡೆದು ಇನ್ನಷ್ಟು ವಿಷ ನೀರಿಗೆ ಸೇರಬಹುದು. ಇಂಥ ನೀರು ಕುಡಿದು ನಾಯಿಗಳು ಸತ್ತಿರುವುದುಂಟು. ಕೆನೆ ಕಂಡರೆ ಆ ನೀರನ್ನು ಮುಟ್ಟಲೇಬೇಡಿ. ಜೊತೆಗೆ ನಾಯಿ ಇದ್ದರೆ ಅದನ್ನೂ ಹತ್ತಿರ ಬಿಡಬೇಡಿ.

ಎರಡನೆಯದು ಕೆಸರು. ನಕ್ಷೆಯಲ್ಲಿ ಹಾದಿ ನೀರಿಗೆ ಅಂಟಿಕೊಂಡೇ ಇರುತ್ತದೆ. ಬೇಸಿಗೆಯಲ್ಲಿ ಅಣೆಕಟ್ಟಿನ ಮಟ್ಟ ಇಳಿದಾಗ ಹೋಗಿ ನೋಡಿ, ಹಾದಿಗೂ ನೀರಿಗೂ ನಡುವೆ ಬಿರುಕು ಬಿಟ್ಟ ಹೂಳಿನ ಬಯಲು ಮಲಗಿರುತ್ತದೆ, ಮೇಲೆ ಒಣಗಿದ ಹಾಗೆ ಕಂಡರೂ ಕಾಲಿಟ್ಟರೆ ಮಂಡಿವರೆಗೆ ಹೂತುಹೋಗುತ್ತದೆ. ಹೇಗೋ ನೀರು ಮುಟ್ಟಿದಿರಿ ಅನ್ನಿ, ನಿಮ್ಮ ಹೆಜ್ಜೆಗೇ ತಳ ಕದಡಿ ನೀರು ಬಗ್ಗಡವಾಗಿರುತ್ತದೆ. ಬಗ್ಗಡ ನೀರು ಹಾಕಿದರೆ ಈ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಎಷ್ಟು ಹಿಂಡಿದರೂ ಹನಿ ಹನಿ. ಆಗ ಜೋರಾಗಿ ಹಿಂಡುವ ಆಸೆಯಾಗುತ್ತದೆ, ಬೇಡ. ಮೆತ್ತನೆಯ ಚೀಲ ಯಾವುದೇ ಕಂಪನಿಯದಾದರೂ ಅಂಚಿನ ಬೆಸುಗೆಯಲ್ಲೇ ಬಿಡುವುದು.

ಮೂರನೆಯದು ಯಾರೂ ಹೇಳದ ಸಣ್ಣ ವಿಷಯ. ನಿಂತ ನೀರಿನಲ್ಲಿ ಈ ಚೀಲ ತುಂಬುವುದೇ ಕಷ್ಟ. ಹರಿಯುವ ತೊರೆಯಲ್ಲಿ ಬಾಯಿ ಹಿಡಿದರೆ ನೀರೇ ಒಳಗೆ ನುಗ್ಗುತ್ತದೆ. ಹಿನ್ನೀರಿನಲ್ಲಿ ಚೀಲ ಚಪ್ಪಟೆಯಾಗಿ ಸುಮ್ಮನೆ ತೇಲುತ್ತದೆ. ಹಳೆಯ ಪ್ಲಾಸ್ಟಿಕ್ ಬಾಟಲಿಯ ತಳಭಾಗ ಕತ್ತರಿಸಿ ಇಟ್ಟುಕೊಳ್ಳಿ, ಮೊಗೆಯಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಹಿಂಭಾಗ ಪೂರ್ತಿ ತೆರೆಯುವ ಚೀಲಗಳೂ ಸಿಗುತ್ತವೆ. ಫಿಲ್ಟರಿನ ಬಾಯಿ 28 ಮಿಲಿಮೀಟರ್ ಅಳತೆಯದು, ಅದೇ ಅಳತೆಯ ಬಾಯಿ ಇರುವ ಸಾದಾ ನೀರಿನ ಬಾಟಲಿಗೂ ಕೂರುತ್ತದೆ. ಇದು ಇದರ ದೊಡ್ಡ ಗುಣ.

ಹಾಗಾದರೆ ಜಲಾಶಯದ ಹಾದಿಯಲ್ಲಿ ಏನು ಮಾಡಬೇಕು? ನನ್ನ ಉತ್ತರ ಸರಳ. ಜಲಾಶಯದ ನೀರನ್ನೇ ತೆಗೆದುಕೊಳ್ಳಬೇಡಿ. ಹಿನ್ನೀರಿನ ಸುತ್ತ ಹೋಗುವ ಹಾದಿ ಅಲ್ಲಲ್ಲಿ ಸಣ್ಣ ಹಳ್ಳಗಳನ್ನು ದಾಟುತ್ತದೆ, ಗುಡ್ಡದಿಂದ ಇಳಿದು ಜಲಾಶಯ ಸೇರುವ ಹಳ್ಳಗಳು. ಅಂಥ ಕಡೆ ಹಾದಿ ಬಿಟ್ಟು ಸ್ವಲ್ಪ ಮೇಲಕ್ಕೆ ಹತ್ತಿ, ಹಿನ್ನೀರು ಬಂದು ನಿಲ್ಲುವ ಮಟ್ಟ ದಾಟಿ, ಕಲ್ಲುಗಳ ನಡುವೆ ಹರಿಯುವ ಜಾಗದಲ್ಲಿ ತುಂಬಿಕೊಳ್ಳಿ. ಹೊರಡುವ ಮುಂಚೆಯೇ ನಕ್ಷೆಯಲ್ಲಿ ಈ ಹಳ್ಳಗಳನ್ನು ಗುರುತು ಹಾಕಿಕೊಳ್ಳಬೇಕು. ಬೇಸಿಗೆಯಲ್ಲಿ ಸಣ್ಣವು ಬತ್ತಿರುತ್ತವೆ, ಆದ್ದರಿಂದ ದೊಡ್ಡ ಕಣಿವೆಯಿಂದ ಬರುವ ಹಳ್ಳಗಳನ್ನೇ ಲೆಕ್ಕಕ್ಕೆ ಹಿಡಿಯಿರಿ. ಅಣೆಕಟ್ಟಿನ ಕೆಳಗಿನ ನದಿಯಲ್ಲಿ ಇನ್ನೊಂದು ಎಚ್ಚರ ಬೇಕು. ವಿದ್ಯುತ್ತಿಗೋ ನೀರಾವರಿಗೋ ನೀರು ಬಿಟ್ಟರೆ ಮಳೆಯೇ ಇಲ್ಲದ ದಿನವೂ ಮಟ್ಟ ಸರ್ರನೆ ಏರುತ್ತದೆ. ನಡುವಿನ ಬಂಡೆ ಮೇಲೆ ಕೂತು ಆರಾಮಾಗಿ ಫಿಲ್ಟರ್ ಹಿಂಡುವ ಜಾಗ ಅದಲ್ಲ. ದಂಡೆಯಲ್ಲೇ ತುಂಬಿ, ಮೇಲೆ ಬಂದು ಕೂರಿ. ಸೈರನ್ ಕೇಳಿದರೆ ಚೀಲ ಬಿಟ್ಟಾದರೂ ಮೇಲೆ ಓಡಿ.

ಹಳ್ಳಿಯ ಕೆಳಹರಿವಿನ ನೀರನ್ನೇ ಕುಡಿಯಬೇಕಾಗಿ ಬಂದರೆ ನೀರಿಗೆ ಹಾಕಿ ಕ್ರಿಮಿ ಕೊಲ್ಲುವ ಕ್ಲೋರಿನ್ ಡಯಾಕ್ಸೈಡ್ ಮಾತ್ರೆ ಜೊತೆಗಿರಲಿ. ಬರೀ ಮಾತ್ರೆಯನ್ನೇ ನಂಬಿದರೆ ಕ್ರಿಪ್ಟೋಸ್ಪೊರಿಡಿಯಂ ಸಾಯಲು 4 ಗಂಟೆ ಕಾಯಬೇಕು. ಫಿಲ್ಟರ್ ಅದನ್ನು ಆಗಲೇ ತೆಗೆದಿರುವುದರಿಂದ ಉಳಿದದ್ದಕ್ಕೆ 30 ನಿಮಿಷ ಸಾಕು. ಮೊದಲು ಫಿಲ್ಟರ್, ಆಮೇಲೆ ಮಾತ್ರೆ. ತಿಳಿನೀರಿನಲ್ಲಿ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಲೆ ಇದ್ದರೆ ಒಂದು ನಿಮಿಷ ಕೊತಕೊತ ಕುದಿಸಿ, 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ.

ಬೇರೆ ಕಂಪನಿಗಳ ಫಿಲ್ಟರ್‌ಗಳ ಜೊತೆ ಹೋಲಿಸಿ ಅಂತ ಕೇಳುವವರಿಗೆ: ಕಟಡಿನ್ ಬಿಫ್ರೀ ಇದಕ್ಕಿಂತ ಬೇಗ ನೀರು ಕೊಡುತ್ತದೆ, ತೊಳೆಯಲು ಅಲ್ಲಾಡಿಸಿದರೆ ಸಾಕು, ಆದರೆ ಅದರ ಅಗಲ ಬಾಯಿ ಸಾದಾ ಬಾಟಲಿಗೆ ಕೂರುವುದಿಲ್ಲ. ಗ್ರೇಲ್ ಜಿಯೋಪ್ರೆಸ್ ವೈರಸ್ಸನ್ನೂ ತಡೆಯುತ್ತದೆ. ತೂಕ ಹೆಚ್ಚು, ಒಮ್ಮೆಗೆ 710 ಮಿಲಿಲೀಟರ್ ಮಾತ್ರ. ನಿಮ್ಮ ನಡಿಗೆ ಊರುಗಳ ನಡುವೆಯೇ ಜಾಸ್ತಿ ಅಂದರೆ ಗ್ರೇಲ್ ನೋಡಿ. ಗುಡ್ಡದ ಮೇಲಿನ ನದಿಗಳಿಗೆ ನನ್ನ ಓಟು ಸಾಯರ್‌ಗೇ.

ಆರೈಕೆ ಇಲ್ಲದೆ ಇದು ಬಾಳುವುದಿಲ್ಲ. ಜೊತೆಗೆ ಬರುವ ಸಿರಿಂಜಿನಲ್ಲಿ ಶುದ್ಧ ನೀರು ತುಂಬಿ ಹಿಂದಿನಿಂದ ಜೋರಾಗಿ ನೂಕಿದರೆ ಸಿಕ್ಕಿಕೊಂಡ ಕೊಳೆ ಹೊರಗೆ ಬರುತ್ತದೆ. ಇದನ್ನು ಕಟ್ಟಿಕೊಂಡ ಮೇಲಲ್ಲ, ಕಟ್ಟಿಕೊಳ್ಳುವ ಮುಂಚೆ ಮಾಡಬೇಕು. ಬಗ್ಗಡ ನೀರನ್ನು ಪಾತ್ರೆಯಲ್ಲಿ ಸ್ವಲ್ಪ ಹೊತ್ತು ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ ಆಮೇಲೆ ಹಾಕಿ. ಸುಣ್ಣಕಲ್ಲಿನ ಪ್ರದೇಶದ ಗಡಸು ನೀರಿನಿಂದ ಒಳಗೆ ಉಪ್ಪು ಕಟ್ಟಿದರೆ ವಿನೆಗರ್‌ನಲ್ಲಿ ನೆನೆಸಿ. ಬಾಯೊಳಗಿನ ಪುಟ್ಟ ರಬ್ಬರ್ ವಾಷರ್ ಬಿದ್ದುಹೋದರೆ ಕಚ್ಚಾ ನೀರು ಪಕ್ಕದಿಂದ ಸೋರಿ ಶುದ್ಧ ನೀರಿಗೆ ಬೀಳುತ್ತದೆ, ಒಂದು ಹೆಚ್ಚಿಗೆ ವಾಷರ್ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಮುಖ್ಯ ಚಳಿ. ಒಮ್ಮೆ ಒದ್ದೆಯಾದ ಫಿಲ್ಟರ್ ಹೆಪ್ಪುಗಟ್ಟಿದರೆ ಒಳಗಿನ ನೀರು ಉಬ್ಬಿ ನಾರುಗಳು ಸೀಳಬಹುದು. ಹೊರಗಿನಿಂದ ಏನೂ ಕಾಣುವುದಿಲ್ಲ. ನೀರು ಮೊದಲಿನಂತೆಯೇ ಬರುತ್ತದೆ, ಸೋಸದೆಯೇ ಬರುತ್ತಿರಬಹುದು, ಪರೀಕ್ಷಿಸಲು ನಮ್ಮ ಕೈಯಲ್ಲಿ ದಾರಿಯಿಲ್ಲ. ಆದ್ದರಿಂದ ಹೆಪ್ಪುಗಟ್ಟುವ ರಾತ್ರಿಗಳಲ್ಲಿ ಅದನ್ನು ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನಿಮ್ಮ ಜೊತೆಗೇ ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಟುಕೊಂಡು ಮಲಗಿ. ಹೆಪ್ಪುಗಟ್ಟಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ಬಿಸಾಡಿ ಹೊಸದು ತೆಗೆದುಕೊಳ್ಳಿ.